ಅಗಲಿದ ಹಾಡುಗಾರನಿಗೆ ಹೊಸ ಹಾಡು

ಹಾಡುಗಾರನೊಬ್ಬನು ತೀರಿಕೊಂಡ ಬಳಿಕ ಅವನ ನೆನಪಿಗೆಂದು ಸಭೆ ಕೂಡಿಸುವುದೂ, ಆ ಸಭೆಯಲ್ಲಿ ಹಾಡಲೆಂದೇ ಹೊಸದೊಂದು ಹಾಡನ್ನು ಕಟ್ಟುವುದೂ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ನಮ್ಮ ಪಠ್ಯಪುಸ್ತಕಗಳಲ್ಲಿ ಶೋಕಗೀತೆಯೆಂಬ ಪ್ರಕಾರವನ್ನು ನಾವೆಲ್ಲರೂ ಅಭ್ಯಾಸ ಮಾಡಿರುವೆವು. ನಮ್ಮ ನೆರೆಯ ಮುಧೋಳದ ರನ್ನಕವಿಯ ‘ಗದಾಯುದ್ಧ’ದಲ್ಲಿ ದುರ್ಯೋಧನನು ರಣಭೂಮಿಯಲ್ಲಿ ಸತ್ತವರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತನಾಡಿಸುವ ಭಾಗವನ್ನು ಗುರುಗಳು ಓದುವಾಗ ಇಡೀ ತರಗತಿಯೇ ಮೌನವಾಗಿದ್ದುದು ನನ್ನ ಸಹಪಾಠಿಗಳಿಗೆ ನೆನಪಿರಬಹುದು. ಆದರೆ ಕರ್ಣನು ಹಾಡುಗಾರನಾಗಿರಲಿಲ್ಲ. ಸತ್ತವನೇ ಹಾಡುಗಾರನಾಗಿದ್ದರೆ ಮಾತು ಬೇರೆಯಾಗುತ್ತದೆ. ಅವನ ಹಾಡುಗಳು ನೂರಾರು ಉಳಿದಿರುತ್ತವೆ. ಅವನ ದನಿಯೇ ಮುದ್ರಣವಾಗಿ ಉಳಿದಿರುತ್ತದೆ. ಹೀಗಿರಲು ಹೊಸ ಹಾಡು ಏತಕ್ಕೆ? ಅದನ್ನು ಯಾರು ಕಟ್ಟಬೇಕು? ಯಾರ ದನಿಯಲ್ಲಿ ಹಾಡಬೇಕು?

ಈ ಕಡೆಯ ಪ್ರಶ್ನೆಯನ್ನು ನಮ್ಮ ಹಿರಿಯರು ಕೇಳಿಕೊಳ್ಳುವ ಪ್ರಸಂಗವೇ ಬರಲಿಲ್ಲ. ಇದ್ದವರ ದನಿಯಲ್ಲಿ ಎಂಬುದೊಂದೇ ಅದಕ್ಕೆ ಉತ್ತರವಾಗಿತ್ತು. ಈಗ ಹಾಗಿಲ್ಲ. ಸತ್ತವರ ದನಿಯ ಮಾದರಿಯನ್ನು ಕಲಿತು, ಅವರು ಎಂದೂ ಹಾಡದ ಹಾಡನ್ನು ಅವರ ದನಿಯಲ್ಲೇ ಹಾಡಿ ತೋರಿಸುವ ಯಂತ್ರವು ಬಂದಿದೆ. ಅದು ಬೆಂಗಳೂರು ಮದರಾಸುಗಳ ಸ್ಟುಡಿಯೋಗಳಲ್ಲಿಯೇ ಉಳಿದಿಲ್ಲ, ನಮ್ಮ ರಾಯಬಾಗ ತಾಲೂಕಿನ ಹಳ್ಳಿಯ ಪಡಸಾಲೆಗೂ ಬಂದಿದೆ ಎಂಬುದನ್ನು ಮುಂದೆ ಹೇಳುವೆನು.

ಮೊದಲು ಇತ್ತೀಚಿನ ದೊಡ್ಡ ಉದಾಹರಣೆಯನ್ನು ನೋಡೋಣ. ೨೦೨೧ನೆಯ ಅಕ್ಟೋಬರ ೨೯ರಂದು ಪುನೀತ್ ರಾಜಕುಮಾರರು ತಮ್ಮ ೪೬ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅಕಸ್ಮಾತ್ ತೀರಿಕೊಂಡರು. ಅವರು ನಟರಲ್ಲವೇ, ಗಾಯಕರೆನ್ನುವುದು ಹೇಗೆ ಎಂದು ಕೆಲವರು ಕೇಳಬಹುದು. ೧೯೮೧ರ ‘ಭಾಗ್ಯವಂತ’ ಚಿತ್ರದಲ್ಲಿ, ಇನ್ನೂ ಹಾಲುಹಲ್ಲಿನ ಬಾಲಕನಾಗಿದ್ದಾಗಲೇ, ತಮ್ಮ ಪಾತ್ರದ ಹಾಡನ್ನು ತಾವೇ ಹಾಡಿದವರು ಅವರು. ಬೆಳೆದ ಮೇಲೆ ತಮ್ಮ ಚಿತ್ರಗಳಿಗೆ ಮಾತ್ರವಲ್ಲದೆ ಇತರ ನಟರ ಚಿತ್ರಗಳಿಗೂ ಹಾಡಿದರು. ಹಾಡಿ ಬಂದ ಸಂಭಾವನೆಯನ್ನು ಸೇವಾಕಾರ್ಯಗಳಿಗೆ ಕೊಡುತ್ತಿದ್ದರೆಂದು ಪತ್ರಿಕೆಗಳು ಬರೆದವು. ಹಾಡುವುದು ಅವರಿಗೆ ತಂದೆಯಿಂದ ಬಂದ ಬಳುವಳಿ. ತಂದೆ ಡಾ. ರಾಜಕುಮಾರರು ‘ಜೀವನ ಚೈತ್ರ’ದ ಹಾಡಿಗಾಗಿ ಗಾಯಕರೆಂದೇ ರಾಷ್ಟ್ರಪ್ರಶಸ್ತಿ ಪಡೆದವರು. ಆದುದರಿಂದ ಪುನೀತರನ್ನು ಹಾಡುಗಾರರ ಪಂಕ್ತಿಯಲ್ಲಿ ಕೂಡಿಸಲು ನನಗೆ ಸಂಕೋಚವಿಲ್ಲ.

ಅವರು ತೀರಿಕೊಂಡ ಹದಿನೆಂಟನೆಯ ದಿನ, ಎಂದರೆ ೨೦೨೧ನೆಯ ನವೆಂಬರ ೧೬ರಂದು, ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಪುನೀತ ನಮನ’ ಎಂಬ ಸಭೆಯನ್ನು ಏರ್ಪಡಿಸಿದರು. ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಪುನೀತರಿಗೆ ಮರಣೋತ್ತರವಾಗಿ ‘ಕರ್ನಾಟಕ ರತ್ನ’ವನ್ನು ಘೋಷಿಸಿದ್ದು ಆ ಸಭೆಯಲ್ಲಿಯೇ. ಆ ಸಭೆಗೆಂದೇ ಗೀತರಚನಕಾರರಾದ ಡಾ. ವಿ. ನಾಗೇಂದ್ರ ಪ್ರಸಾದರು ಹೊಸ ಹಾಡೊಂದನ್ನು ಬರೆದುಕೊಟ್ಟಿದ್ದರು. ಚಿತ್ರರಂಗದ ಗಾಯಕರು ಅದನ್ನು ವೇದಿಕೆಯಲ್ಲಿ ಹಾಡಿದರು. ದೂರದರ್ಶನ ವಾಹಿನಿಗಳ ಮೂಲಕ ಅದು ನಾಡಿನ ಮೂಲೆಮೂಲೆಗೂ ಮುಟ್ಟಿತು.

ಆ ಹಾಡಿನ ಕಾವ್ಯಗುಣವನ್ನು ತೂಗುವುದು ನನ್ನ ಉದ್ದೇಶವಲ್ಲ. ಹದಿನೆಂಟು ದಿನಗಳೊಳಗೆ, ಅಳುತ್ತಿರುವ ನಾಡಿಗಾಗಿ ಬರೆದ ಹಾಡನ್ನು ತಕ್ಕಡಿಯಲ್ಲಿಟ್ಟು ನೋಡುವುದು ಸಭ್ಯತೆಯೂ ಅಲ್ಲ. ನನಗೆ ವಿಚಾರ ಮಾಡಬೇಕೆನಿಸಿದ್ದು ಅದರ ಅಗತ್ಯವನ್ನು ಕುರಿತು. ಪುನೀತರ ಹಾಡುಗಳೇ ಸಾಕಷ್ಟಿದ್ದುವಲ್ಲ, ಅವನ್ನೇ ಹಾಡಬಹುದಾಗಿತ್ತಲ್ಲ? ಹಾಡಬಹುದಾಗಿತ್ತು. ಆದರೆ ಅವು ಕುಣಿಯುವ ಹಾಡುಗಳು, ಪ್ರೀತಿಯ ಹಾಡುಗಳು, ಧೈರ್ಯ ಹೇಳುವ ಹಾಡುಗಳು. ಯಾವುದರಲ್ಲಿಯೂ ‘ನೀನು ಹೋದೆ’ ಎಂಬ ಮಾತಿಲ್ಲ, ಇರುವುದೂ ಸಾಧ್ಯವಿಲ್ಲ. ತನ್ನ ಮರಣವನ್ನು ಕುರಿತು ಇತರರು ಹೇಳಬೇಕಾದುದನ್ನು ಯಾವ ಹಾಡುಗಾರನೂ ಮೊದಲೇ ಹಾಡಿಟ್ಟು ಹೋಗಲಾರನು. ಆ ಒಂದು ಮಾತನ್ನು ಸಾವಿರಾರು ಜನ ಕೂಡಿ ಒಂದೇ ಸಲಕ್ಕೆ ಹೇಳಬೇಕಾಗಿದ್ದಾಗ ಹೊಸ ಹಾಡು ಬೇಕಾಗುತ್ತದೆ. ಅದು ಸತ್ತವನನ್ನು ‘ನೀನು’ ಎಂದು ಕರೆಯುವ ಹಾಡು. ದುರ್ಯೋಧನನು ಕರ್ಣನನ್ನು ಕರೆದಂತೆಯೇ.

ಈ ಮಾತನ್ನು ನಮ್ಮ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೊಹರಮ್ಮಿನಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿಗಳ ಹಳ್ಳಿಗಳಲ್ಲಿ ರಿವಾಯತ ಪದಗಳನ್ನು ಹಿಂದೂಗಳೂ ಮುಸಲ್ಮಾನರೂ ಕೂಡಿ ಹಾಡುವುದನ್ನು ಕೇಳಿ ಬೆಳೆದವರು ನಾವು. ಕರ್ಬಲೆಯ ಕಾಳಗವು ನಡೆದದ್ದು ಕ್ರಿ. ಶ. ೬೮೦ರಲ್ಲಿ. ಹದಿಮೂರು ಶತಮಾನಗಳು ಕಳೆದರೂ ಹುಸೇನರಿಗಾಗಿ ಕನ್ನಡದಲ್ಲಿ ಹೊಸ ಪದ ಕಟ್ಟುವವರು ನಮ್ಮ ಕಡೆಗೆ ಇದ್ದಾರೆ. ಇನ್ನು ಊರಲ್ಲಿ ಯಾರಾದರೂ ತೀರಿಕೊಂಡರೆ ರಾತ್ರಿಯಿಡೀ ಭಜನೆ. ಪೇಟಿ, ತಬಲಾ, ತಾಳ, ಒಂದು ಏಕತಾರಿ. ಶಿಶುನಾಳ ಶರೀಫಸಾಹೇಬರ ಪದಗಳೂ ಕಡಕೋಳ ಮಡಿವಾಳಪ್ಪನವರ ಪದಗಳೂ ಬೆಳಗಿನವರೆಗೆ ನಡೆಯುತ್ತವೆ. ಸತ್ತವನು ಸ್ವತಃ ಭಜನಿ ಮೇಳದವನಾಗಿದ್ದರೆ, ಮುಂದೆ ವರ್ಷದ ಪುಣ್ಯತಿಥಿಯ ಹೊತ್ತಿಗೆ ಮೇಳದವರಲ್ಲಿ ಯಾರಾದರೊಬ್ಬರು ಅವನ ಹೆಸರಿನಲ್ಲಿ ಒಂದು ಪದ ಕಟ್ಟಿರುತ್ತಾರೆ. ಅರಮನೆ ಮೈದಾನದಲ್ಲಿ ದೀಪ ವಾದ್ಯಗಳೊಂದಿಗೆ ನಡೆದದ್ದು, ಮೂಲದಲ್ಲಿ ನಮ್ಮ ಊರ ಗುಡಿಯ ಕಟ್ಟೆಯ ಮೇಲೆ ನಡೆಯುವುದಕ್ಕಿಂತ ಭಿನ್ನವಾದುದಲ್ಲ.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕೆಂದು ಪ್ರಾರ್ಥನೆ. ನಮ್ಮ ಪದಗಳ ಕಡೆಯ ನುಡಿಯಲ್ಲಿ ಅಂಕಿತವಿರುತ್ತದೆ. ಶರೀಫರು ಶಿಶುನಾಳಧೀಶನೆಂದು ಮುಗಿಸುತ್ತಾರೆ. ವಚನಕಾರರಿಗೆ ಅವರವರ ಇಷ್ಟದೈವದ ಮುದ್ರೆ, ಹರಿದಾಸರಿಗೆ ವಿಠಲನ ಮುದ್ರೆ. ಗೀಗೀ ಪದದ ಮೇಳಗಳಲ್ಲಂತೂ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಎಲ್ಲವೂ ಬಂದುಬಿಡುತ್ತವೆ. ಅಕ್ಷರ ಬಾರದ ಕವಿಗಳು ತಮ್ಮ ಹಾಡನ್ನು ಕಾಗದದ ಮೇಲೆ ಸಹಿ ಮಾಡಲಾರದೆ ಹಾಡಿನೊಳಗೇ ಸಹಿ ಮಾಡಿದರು. ‘ಈ ಮಾತಿಗೆ ನಾನು ಹೊಣೆ’ ಎಂದು ಹೇಳುವ ರೀತಿ ಅದು.

ಸತ್ತ ಹಾಡುಗಾರನ ಹಾಡನ್ನು ಮುಂದುವರಿಸುವ ಪ್ರಸಂಗ ಬಂದಾಗ ಈ ಅಂಕಿತವು ಏನಾಗುತ್ತದೆ? ಇದಕ್ಕೆ ನಮ್ಮ ಪರಂಪರೆಯಲ್ಲಿ ಬಹು ಸೊಗಸಾದ ನಿದರ್ಶನವೊಂದುಂಟು. ಪುರಂದರದಾಸರು ೧೫೬೪ರಲ್ಲಿ ತೀರಿಕೊಂಡರು. ಐದು ಲಕ್ಷ ಪದಗಳನ್ನು ರಚಿಸಬೇಕೆಂದು ಸಂಕಲ್ಪಿಸಿ, ೪,೭೫,೦೦೦ ರಚಿಸಿ, ೨೫,೦೦೦ವನ್ನು ಉಳಿಸಿ ಹೋದರೆಂದು ಹರಿದಾಸರ ಸಂಪ್ರದಾಯವು ಹೇಳುತ್ತದೆ. ಇಂದು ದೊರೆಯುವ ಕೀರ್ತನೆಗಳ ಸಂಖ್ಯೆಯು ಇದರ ಸಮೀಪಕ್ಕೂ ಬರುವುದಿಲ್ಲ. ಆದುದರಿಂದ ಲೆಕ್ಕವನ್ನು ಲೆಕ್ಕವೆಂದು ಹಿಡಿಯಬೇಕಾಗಿಲ್ಲ. ನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೆ ಮಾನವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ದಾಸಪ್ಪನೆಂಬ ಬಡವನಿಗೆ ಪುರಂದರದಾಸರು ಸ್ವಪ್ನದಲ್ಲಿ ಬಂದು ಅಂಕಿತವಿತ್ತರಂತೆ. ಅವರೇ ವಿಜಯದಾಸರು. ಉಳಿದ ೨೫,೦೦೦ವನ್ನು ಅವರು ಪೂರೈಸಿದರೆಂದು ಅದೇ ಸಂಪ್ರದಾಯದ ನಂಬುಗೆ. ನನಗೆ ಇದರಲ್ಲಿ ಬಹಳ ಮುಖ್ಯವಾಗಿ ಕಾಣುವುದು ಆ ಅಂಕಿತದ ರೂಪ. ಸ್ವಪ್ನದಲ್ಲಿ ಬಂದ ಗುರುವು ತನ್ನ ಅಂಕಿತವಾದ ‘ಪುರಂದರವಿಠಲ’ವನ್ನು ಶಿಷ್ಯನಿಗೆ ಕೊಡಲಿಲ್ಲ. ‘ವಿಜಯವಿಠಲ’ ಎಂಬ ಬೇರೆ ಅಂಕಿತವನ್ನು ಕೊಟ್ಟರು. ಗುರುವಿನ ಸಂಕಲ್ಪವನ್ನೇ ಪೂರೈಸುವ ಹಾಡುಗಳಾದರೂ, ಗುರುವೇ ಅಪ್ಪಣೆ ಕೊಟ್ಟಿದ್ದರೂ, ಹಾಡಿದವನು ತನ್ನ ಮುದ್ರೆಯನ್ನೇ ಒತ್ತಬೇಕಾಯಿತು. ಕತೆಯನ್ನು ಕತೆಯೆಂದೇ ತಿಳಿದರೂ, ಆ ಕತೆಯನ್ನು ಕಟ್ಟಿದ ಜನರಿಗೆ ಈ ವಿಷಯದಲ್ಲಿ ಎಷ್ಟು ಸ್ಪಷ್ಟವಾದ ವಿವೇಕವಿತ್ತೆಂಬುದು ಗೊತ್ತಾಗುತ್ತದೆ.

ಹೊಸ ಹಾಡನ್ನೇ ಕಟ್ಟದೆ ಗೌರವ ಸಲ್ಲಿಸುವ ಇನ್ನೊಂದು ದಾರಿಯೂ ಇದೆ. ಅದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ರಾಯಬಾಗದಲ್ಲಿ ರೈಲು ಹತ್ತಿದರೆ ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ದಾಟಿ ಮೀರಜ. ಉಸ್ತಾದ ಅಬ್ದುಲ್ ಕರೀಂ ಖಾನಸಾಹೇಬರು ನೆಲೆಸಿದ್ದ ಊರು ಅದು. ೧೯೩೭ನೆಯ ಅಕ್ಟೋಬರ ೨೭ರಂದು ಅವರು ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ದೇಹವನ್ನು ಮೀರಜಿಗೆ ತಂದು ಖ್ವಾಜಾ ಮೀರಾಸಾಹೇಬರ ದರ್ಗಾದಲ್ಲಿ ಮಣ್ಣು ಮಾಡಿದರು. ಉರುಸಿನಲ್ಲಿ ಅವರ ನೆನಪಿಗೆ ಗಾಯಕರು ಬಂದು ಹಾಡುವ ಪದ್ಧತಿ ಅಲ್ಲಿ ಬೆಳೆಯಿತು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಆ ಸವಾಯಿ ಗಂಧರ್ವರು ೧೯೫೨ರಲ್ಲಿ ತೀರಿಕೊಂಡಾಗ, ಮರುವರ್ಷದಿಂದಲೇ ಪುಣೆಯಲ್ಲಿ ಅವರ ಪುಣ್ಯತಿಥಿಯ ಸಂಗೀತೋತ್ಸವವು ಆರಂಭವಾಗಿ, ಭೀಮಸೇನ ಜೋಶಿಯವರ ನಿಷ್ಠೆಯಿಂದ ದೇಶದ ದೊಡ್ಡ ಉತ್ಸವಗಳಲ್ಲಿ ಒಂದಾಯಿತು. ಇಂಥ ಉತ್ಸವಗಳಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆಯುವ ಹಾಡು ಬೇಕೆನ್ನುವುದಿಲ್ಲ. ಗುರುವಿನಿಂದ ಕಲಿತ ರಾಗವನ್ನು ಚೆನ್ನಾಗಿ ಹಾಡಿದರೆ ಸಾಕು. ಸಾಮಾನ್ಯರಾದ ನಮಗೆ ರಾಗ ಬಾರದು, ಆದ್ದರಿಂದ ನಾವು ಪದ ಕಟ್ಟುತ್ತೇವೆ, ಅಷ್ಟೇ ವ್ಯತ್ಯಾಸ.

ಅನುಕರಣೆಯ ಮಾತು ಬಂದಾಗ ನಮ್ಮ ಜಿಲ್ಲೆಯವರೇ ಆದ ಕುಮಾರ ಗಂಧರ್ವರನ್ನು ನೆನೆಯದೆ ಹೋಗುವುದು ತಪ್ಪಾದೀತು. ಬೆಳಗಾವಿಯ ಹತ್ತಿರದ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬ ಬಾಲಕನು ಗ್ರಾಮಫೋನಿನ ತಟ್ಟೆಗಳಲ್ಲಿ ಕೇಳಿದ ದೊಡ್ಡ ದೊಡ್ಡ ಗವಾಯಿಗಳ ಹಾಡನ್ನು ತಾನ ಮುರಕಿಗಳ ಸಹಿತ ಹಾಗೆ ಹಾಗೆಯೇ ಹಾಡಿ ತೋರಿಸುತ್ತಿದ್ದನು. ಜನ ಬೆರಗಾಗಿ ಸಭೆಗಳಿಗೆ ಮುಗಿಬಿದ್ದರು. ಕುಮಾರ ಗಂಧರ್ವನೆಂಬ ಬಿರುದೂ ಬಂತು. ಆದರೆ ಅವರು ಅಲ್ಲಿಯೇ ನಿಲ್ಲಲಿಲ್ಲ. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಮೊದಲಿನಿಂದ ಕಲಿತು, ಕ್ಷಯರೋಗದಿಂದ ಒಂದು ಪುಪ್ಪುಸವೇ ಕೆಲಸಕ್ಕೆ ಬಾರದಂತಾಗಿ ವರ್ಷಗಟ್ಟಲೆ ಹಾಸಿಗೆ ಹಿಡಿದು, ಆಮೇಲೆ ತಮ್ಮದೇ ಆದ ಗಾಯನವನ್ನು ಕಂಡುಕೊಂಡರು. ಮುಂದೆ ಅವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನು ಹಾಡುವ ಕಾರ್ಯಕ್ರಮವನ್ನು ರೂಪಿಸಿದಾಗ ಅದಕ್ಕೆ ಕೊಟ್ಟ ಮರಾಠಿ ಹೆಸರಿನ ಅರ್ಥ ‘ನನಗೆ ತಿಳಿದ ಬಾಲಗಂಧರ್ವ’ ಎಂದು. ತಟ್ಟೆಯಲ್ಲಿದ್ದುದನ್ನು ಹಾಗೆಯೇ ಒಪ್ಪಿಸಬಲ್ಲ ಶಕ್ತಿ ಬಾಲ್ಯದಲ್ಲಿಯೇ ಇದ್ದ ಮನುಷ್ಯನು, ‘ನನಗೆ ತಿಳಿದ’ ಎಂಬ ಶಬ್ದವನ್ನು ಹೆಸರಿನಲ್ಲಿಯೇ ಇಟ್ಟುಕೊಂಡನು. ಅದೂ ಒಂದು ಬಗೆಯ ಅಂಕಿತವೇ ಅಲ್ಲವೆ?

ಇರಲಿ. ಈಗ ಯಂತ್ರದ ಕಡೆಗೆ ಬರೋಣ. ಪುನೀತರ ವಿಷಯದಲ್ಲಿಯೇ ಇದರ ಎರಡೂ ಮುಖಗಳು ಕಾಣುತ್ತವೆ. ಅವರ ‘ಜೇಮ್ಸ್’ ಚಿತ್ರದ ಚಿತ್ರೀಕರಣವು ಬಹುಮಟ್ಟಿಗೆ ಮುಗಿದಿದ್ದರೂ ಮಾತುಗಳ ಧ್ವನಿಮುದ್ರಣವಾಗಿರಲಿಲ್ಲ. ೨೦೨೨ನೆಯ ಮಾರ್ಚ್ ೧೭ರಂದು, ಅವರ ಜನ್ಮದಿನದಂದೇ, ಚಿತ್ರವು ಬಿಡುಗಡೆಯಾದಾಗ ತಮ್ಮನ ಪಾತ್ರಕ್ಕೆ ಅಣ್ಣ ಶಿವರಾಜಕುಮಾರರು ದನಿ ಕೊಟ್ಟಿದ್ದರು. ತಮ್ಮನ ತುಟಿ ಚಲಿಸುವಾಗ ಅಣ್ಣನ ಮಾತು ಕೇಳಿಬರುವುದು. ನೋಡುವವರಿಗೆ ಇದು ಅಣ್ಣನ ದನಿಯೆಂದು ಗೊತ್ತು, ಅದು ಗೊತ್ತಿರುವುದರಿಂದಲೇ ಕಣ್ಣು ತುಂಬುವುದು. ಒಂದು ತಿಂಗಳ ನಂತರ, ಏಪ್ರಿಲ್ ೨೨ರಿಂದ, ಯಂತ್ರದ ಸಹಾಯದಿಂದ ಪುನೀತರ ದನಿಯನ್ನೇ ಹೊಂದಿಸಿದ ಪ್ರತಿಯನ್ನು ಪ್ರದರ್ಶಿಸಿದರು. ಅಭಿಮಾನಿಗಳಿಗೆ ಸಂತೋಷವಾಯಿತು. ಈ ಎರಡನೆಯ ಪ್ರತಿಯಲ್ಲಿ ತಪ್ಪೇನೂ ನನಗೆ ಕಾಣುವುದಿಲ್ಲ. ಆ ಮಾತುಗಳು ಪುನೀತರು ಒಪ್ಪಿಕೊಂಡು ಕ್ಯಾಮೆರಾದ ಮುಂದೆ ಆಡಿದ ಮಾತುಗಳೇ. ಆದರೂ ಎರಡರಲ್ಲಿ ಯಾವುದನ್ನು ಇನ್ನೊಮ್ಮೆ ನೋಡುವೆ ಎಂದು ಕೇಳಿದರೆ ನಾನು ಅಣ್ಣನ ದನಿಯಿದ್ದುದನ್ನೇ ಆರಿಸಿಕೊಂಡೇನು.

ಸತ್ತವರು ಒಪ್ಪಿಕೊಂಡಿರದ ಮಾತನ್ನೂ ಅವರ ಬಾಯಲ್ಲಿಡುವುದು ಇದರ ಮುಂದಿನ ಹೆಜ್ಜೆ. ೨೦೨೦ನೆಯ ಸೆಪ್ಟೆಂಬರ ೨೫ರಂದು ತೀರಿಕೊಂಡ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ೨೦೨೩ರ ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರದಲ್ಲಿ ಕೃತಕ ಬುದ್ಧಿಮತ್ತೆಯಿಂದ ಮೂಡಿಸಿ ಬಳಸಿದರೆಂದು ಅವರ ಮಗ ಎಸ್. ಪಿ. ಚರಣ್ ಚಿತ್ರದವರಿಗೆ ವಕೀಲರ ನೋಟೀಸು ಕೊಟ್ಟರು. ಮನೆಯವರನ್ನು ಕೇಳಲಿಲ್ಲ ಎಂಬುದು ಮುಖ್ಯ ತಕರಾರು. ಸುಮಾರು ಅದೇ ಕಾಲಕ್ಕೆ ಎ. ಆರ್. ರಹಮಾನರು ‘ಲಾಲ್ ಸಲಾಂ’ ಎಂಬ ತಮಿಳು ಚಿತ್ರದ ಹಾಡೊಂದರಲ್ಲಿ, ೧೯೯೭ರಲ್ಲಿ ತೀರಿಕೊಂಡ ಶಾಹುಲ್ ಹಮೀದ್ ಮತ್ತು ೨೦೨೨ರಲ್ಲಿ ತೀರಿಕೊಂಡ ಬಂಬಾ ಬಾಕ್ಯಾ ಇವರ ದನಿಗಳನ್ನು ಯಂತ್ರದಿಂದ ಮೂಡಿಸಿದರು. ಮನೆಯವರ ಅನುಮತಿ ಪಡೆದು, ಸಂಭಾವನೆಯನ್ನೂ ಕಳಿಸಿದ್ದೇವೆಂದು ಅವರು ತಿಳಿಸಿದರು. ಇಂಗ್ಲೆಂಡಿನ ಬೀಟಲ್ಸರು ೨೦೨೩ರ ನವೆಂಬರದಲ್ಲಿ ಹೊರತಂದ ಹಾಡನ್ನೂ ಈ ಸಾಲಿಗೇ ಸೇರಿಸುವವರುಂಟು, ಅದು ಸರಿಯಲ್ಲ. ೧೯೮೦ರಲ್ಲಿ ಕೊಲೆಯಾದ ಜಾನ್ ಲೆನನ್ನನು ತಾನೇ ಮನೆಯಲ್ಲಿ ಹಾಡಿ ಕ್ಯಾಸೆಟ್ಟಿನಲ್ಲಿಟ್ಟಿದ್ದ ಹಾಡು ಅದು. ಪಿಯಾನೋದ ಸದ್ದಿನಲ್ಲಿ ಹೂತುಹೋಗಿದ್ದ ದನಿಯನ್ನು ಯಂತ್ರವು ಬೇರ್ಪಡಿಸಿತು. ಅಕ್ಕಿಯಲ್ಲಿಯ ಕಲ್ಲು ಆರಿಸುವುದು ಬೇರೆ, ಕಲ್ಲನ್ನೇ ಅಕ್ಕಿಯೆಂದು ಬಡಿಸುವುದು ಬೇರೆ.

ಕಾಯದೆ ಏನು ಹೇಳುತ್ತದೆಂದು ಸ್ವಲ್ಪ ಓದಿ ನೋಡಿದೆ. ೧೯೫೭ರ ಕೃತಿಸ್ವಾಮ್ಯ ಕಾಯದೆಯಲ್ಲಿ ಹಾಡುಗಾರನು ಹಾಡಿದ ಹಾಡಿಗೆ ಐವತ್ತು ವರ್ಷಗಳ ರಕ್ಷಣೆಯಿದೆ. ೨೦೧೨ರ ತಿದ್ದುಪಡಿಯಿಂದ ಅದನ್ನು ಕೆಡಿಸದಂತೆ ತಡೆಯುವ ಹಕ್ಕೂ ಬಂದಿದೆ. ಆದರೆ ಅವನು ಹಾಡದೇ ಇದ್ದ ಹಾಡಿನ ಮಾತು ಅದರಲ್ಲಿಲ್ಲ. ೨೦೨೪ರ ಜುಲೈದಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು ಗಾಯಕ ಅರಿಜಿತ್ ಸಿಂಗರ ದನಿಯನ್ನು ಯಂತ್ರದಿಂದ ನಕಲು ಮಾಡದಂತೆ ತಡೆಯಾಜ್ಞೆ ಕೊಟ್ಟಿತು. ಅವರು ಬದುಕಿರುವವರು, ಕೋರ್ಟಿಗೆ ಹೋಗಬಲ್ಲವರು. ೨೦೨೩ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ನಟ ಸುಶಾಂತ ಸಿಂಗ ರಾಜಪೂತರ ಪ್ರಕರಣದಲ್ಲಿ, ವ್ಯಕ್ತಿಯ ಖಾಸಗಿತನದ ಮತ್ತು ಪ್ರಸಿದ್ಧಿಯ ಹಕ್ಕುಗಳು ಆತನೊಂದಿಗೇ ಮುಗಿಯುತ್ತವೆಂದು ಹೇಳಿತು. ಎಂದಮೇಲೆ ಸತ್ತವನ ದನಿಯನ್ನು ಕಾಯುವ ಭಾರವೆಲ್ಲ ಮನೆಯವರ ಮೇಲೆ ಬಿತ್ತು. ಮನೆಯವರಾದರೋ ದುಃಖದಲ್ಲಿರುವವರು, ಆ ದನಿಯನ್ನು ಇನ್ನೊಮ್ಮೆ ಕೇಳಲು ಹಂಬಲಿಸುವವರು ಅವರೇ.

ಈ ಮಾತನ್ನು ನಾನು ಪುಸ್ತಕದಿಂದ ಬರೆಯುತ್ತಿಲ್ಲ. ನಮ್ಮ ಮುತ್ಯಾ, ಎಂದರೆ ಅಜ್ಜ, ರಾಯಬಾಗ ತಾಲೂಕಿನ ಹಳ್ಳಿಯೊಂದರ ಭಜನಿ ಮೇಳದ ಹಾಡುಗಾರನಾಗಿದ್ದನು. ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿ ದುಡಿದು ರಾತ್ರಿ ಪದ ಹಾಡುತ್ತಿದ್ದನು. ಅವನು ತೀರಿಕೊಂಡು ವರ್ಷವಾಗುತ್ತ ಬಂದಾಗ ಪುಣ್ಯತಿಥಿಯ ರಾತ್ರಿ ಮೇಳ ಕೂಡಿಸಬೇಕೆಂದು ನಿಶ್ಚಯವಾಯಿತು. ಹಿಂದೆ ಒಂದು ಜಾತ್ರೆಯಲ್ಲಿ ಯಾರೋ ಮುದ್ರಿಸಿಕೊಂಡಿದ್ದ ಅವನ ಕ್ಯಾಸೆಟ್ಟೊಂದು ಮನೆಯಲ್ಲಿತ್ತು. ನಿಪ್ಪಾಣಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ನಮ್ಮ ಕಾಕಾನ ಮಗನು ಆ ಕ್ಯಾಸೆಟ್ಟನ್ನು ಒಯ್ದು, ದನಿಯನ್ನು ಯಂತ್ರಕ್ಕೆ ಉಣಿಸಿ, ತಾನೇ ನಾಲ್ಕು ನುಡಿ ಬರೆದು, ಮುತ್ಯಾನ ದನಿಯಲ್ಲಿ ಹೊಸ ಪದವೊಂದನ್ನು ಮಾಡಿಕೊಂಡು ಬಂದನು. ‘ನಾನು ಹೋಗಿಬರುವೆ, ನೀವು ಅಳಬೇಡಿರಿ’ ಎಂಬ ಭಾವದ ಪದ. ಹುಡುಗನ ಉದ್ದೇಶದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಮಾಡಿದ್ದನು.

ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಹಚ್ಚಿದನು. ಮೊದಲನೆಯ ಸಾಲಿಗೇ ನಮ್ಮ ಅಪ್ಪ ಅಳತೊಡಗಿದರು. ನಾನು ಅವರು ಅತ್ತುದನ್ನು ಅದಕ್ಕೆ ಮೊದಲು ನೋಡಿದ್ದಿಲ್ಲ. ಆಯಿ, ಎಂದರೆ ನಮ್ಮ ಅಜ್ಜಿ, ಸೆರಗು ಬಾಯಿಗೆ ಹಿಡಿದು ಕೊನೆಯವರೆಗೆ ಕೇಳಿದಳು. ಆಮೇಲೆ ಕೇಳಿದಳು:

“ದನಿ ಅವಂದ ಐತಿ. ಮಾತ ಯಾರದು?”

“ನಾ ಬರದೇನಿ ಆಯಿ,” ಎಂದ ಅವನು.

“ಮತ್ತ ನೀ ಹಾಡಬೇಕಿಲ್ಲೋ ಅದನ್ನ? ಅಂವ ಸಾಯೂಮುಂದ ನನಗ ಅಳಬ್ಯಾಡ ಅಂತ ಹೇಳಲಿಲ್ಲ. ನೀರ ಕೇಳಿದಾ, ಅಷ್ಟ.” ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: “ಇದರಾಗ ಅಂವ ಎಲ್ಲಿನೂ ಉಸಿರ ತಗೊಳ್ಳೂದುಲ್ಲ ನೋಡು. ಅವಂಗ ದಮ್ಮ ಇತ್ತು. ಎರಡನೇ ಸಾಲಿಗೆ ನಿಂತು ನಿಂತು ಹಾಡ್ತಿದ್ದಾ.”

ಇದು ಖರೆಯಾಗಿತ್ತು. ಹಳೆಯ ಕ್ಯಾಸೆಟ್ಟಿನಲ್ಲಿ ಮುತ್ಯಾ ಸಾಲಿನ ನಡುವೆ ಉಸಿರು ಹಿಡಿಯುವುದೂ, ಆ ಸಂದಿನಲ್ಲಿ ಪೇಟಿ ಮಾಸ್ತರರು ಸ್ವರ ತುಂಬಿ ಅವನನ್ನು ಕಾಯುವುದೂ ಸ್ಪಷ್ಟವಾಗಿ ಕೇಳುತ್ತದೆ. ಯಂತ್ರದ ಹಾಡಿನಲ್ಲಿ ಯಾರೂ ಯಾರನ್ನೂ ಕಾಯಬೇಕಾಗಿರಲಿಲ್ಲ.

ಅಪ್ಪ ಮಾತ್ರ ಒಪ್ಪಲಿಲ್ಲ. “ಯಾರರ ಬರೀಲಿ, ನನಗ ಅಪ್ಪನ ದನಿ ಕೇಳಿಬಂತು, ಸಾಕು. ಪುಣ್ಯತಿಥಿಗೆ ಇದನ್ನ ಹಚ್ಚೂಣು,” ಎಂದರು. ಅವರ ಮಾತಿಗೂ ಬೆಲೆಯಿದೆ ಎಂದು ನಾನು ತಿಳಿದಿರುವೆನು. ಮುತ್ಯಾನೊಂದಿಗೆ ನಾಲ್ಕು ಮಾತು ನೆಟ್ಟಗೆ ಆಡಲು ದುಡಿಮೆಯಲ್ಲಿ ಪುರಸತ್ತಿಲ್ಲದೆ ಹೋದ ಮಗ ಅವರು. ಆ ಕಣ್ಣೀರನ್ನು ಸುಳ್ಳೆಂದು ಯಾವ ಶಾಸ್ತ್ರವೂ ಹೇಳಲಾರದು. ಎರಡು ದಿನ ಮನೆಯಲ್ಲಿ ಇದೇ ಚರ್ಚೆ. “ನೀ ಸಾಲಿ ಕಲ್ತಾಂವ, ನೀ ಹೇಳೋ,” ಎಂದು ಆಯಿ ನನ್ನ ಕಡೆ ತಿರುಗಿದಾಗ, ನಾನು ಆಗಷ್ಟೇ ಓದಿದ್ದ ವಿಜಯದಾಸರ ಕತೆಯನ್ನು ಹೇಳಿದೆನು. ಅಪ್ಪ ಕೇಳಿ ಸುಮ್ಮನಾದರು, ಒಪ್ಪಿದರೆಂದು ಹೇಳಲಾರೆ. ಕಡೆಗೆ ಪೇಟಿ ಮಾಸ್ತರರು ಬಂದು, “ಹಾಡು ಹುಡುಗಂದೇ ಇರಲಿ, ಬಾಯಿ ನಮ್ಮದಿರಲಿ. ನುಡಿ ಸ್ವಲ್ಪ ತಿದ್ದೋಣು,” ಎಂದು ಹಾದಿ ತೋರಿಸಿದರು.

ತಿದ್ದುವುದಕ್ಕೆ ಕುಳಿತಾಗ ಅರ್ಧ ಹಾಡೇ ಬದಲಾಯಿತು. ‘ನಾನು ಹೋಗಿಬರುವೆ’ ಎಂದಿದ್ದುದು ‘ನೀನು ಹೋದೆ’ ಎಂದಾದ ಕೂಡಲೇ ಉಳಿದ ಸಾಲುಗಳು ಹೊಂದದಾದುವು. ‘ನಾನು’ ಎಂಬಲ್ಲಿ ಸಮಾಧಾನವಿತ್ತು. ‘ನೀನು’ ಎಂಬಲ್ಲಿ ಪ್ರಶ್ನೆ ಬಂತು, ಸಿಟ್ಟು ಬಂತು, ಮಳೆಗಾಲದಲ್ಲಿ ಗುಡಿಯ ಕಟ್ಟೆ ಸೋರುತ್ತಿದ್ದರೂ ಹಾಡು ನಿಲ್ಲಿಸದಿದ್ದ ಹಟದ ನೆನಪು ಬಂತು. ಆಯಿ ಹೇಳಿದ ನೀರಿನ ಮಾತೂ ಮೂರನೆಯ ನುಡಿಯಲ್ಲಿ ಸೇರಿತು. ಛಂದಸ್ಸಿನ ಪಾಠದಲ್ಲಿ ನಾನು ಕಲಿತದ್ದಕ್ಕಿಂತ ಹೆಚ್ಚನ್ನು ಆ ಎರಡು ರಾತ್ರಿಗಳಲ್ಲಿ ಕಲಿತೆನೆಂದರೆ ನಮ್ಮ ಗುರುಗಳು ಕೋಪಿಸಿಕೊಳ್ಳಲಾರರು.

ಪುಣ್ಯತಿಥಿಯ ರಾತ್ರಿ ಮೊದಲು ಹಳೆಯ ಕ್ಯಾಸೆಟ್ಟನ್ನೇ ಹಚ್ಚಿದರು. ಮುತ್ಯಾ ಉಸಿರು ಹಿಡಿಯುವಲ್ಲಿ ಮೇಳದವರು ತಾವಾಗಿಯೇ ಸಾಲನ್ನು ಎತ್ತಿಕೊಂಡರು. ಅದು ಮುಗಿದ ಮೇಲೆ ಹೊಸ ಪದವನ್ನು ಕಾಕಾನ ಮಗನೇ ಮುಂದಾಗಿ ಹಾಡಿದನು. ಅವನ ಕಂಠವು ಅಷ್ಟಕ್ಕಷ್ಟೆ. ಎರಡು ಕಡೆ ಸ್ವರ ತಪ್ಪಿತು, ಮಾಸ್ತರರು ಕಾಯ್ದರು. ಅಪ್ಪ ಕಂಬಕ್ಕೆ ಒರಗಿ ಕುಳಿತು ಕೇಳಿದರು. ಯಂತ್ರದ ಹಾಡು ಅವರ ಮೊಬೈಲಿನಲ್ಲಿ ಇಂದಿಗೂ ಇದೆ. ಒಮ್ಮೊಮ್ಮೆ ಗದ್ದೆಯಲ್ಲಿ ಒಬ್ಬರೇ ಇದ್ದಾಗ ಹಚ್ಚಿಕೊಳ್ಳುತ್ತಾರೆ. ಅದನ್ನು ಅಳಿಸೆಂದು ನಾವು ಯಾರೂ ಹೇಳಿಲ್ಲ.

ಅಂಕಿತದ ವಿಷಯದಲ್ಲಿ ಕಡೆಯ ಗಳಿಗೆಯವರೆಗೂ ವಾದ ನಡೆಯಿತು. ಮುತ್ಯಾನ ಹೆಸರನ್ನೇ ಅಂಕಿತವಾಗಿಡಬೇಕೆಂದು ಮೇಳದ ಕೆಲವರು. ಕಟ್ಟಿದವನ ಹೆಸರಿರಬೇಕೆಂದು ಮಾಸ್ತರರು. ಕೊನೆಗೆ ಮುತ್ಯಾನ ಹೆಸರು ಪಲ್ಲವಿಯಲ್ಲಿ ಬಂತು. ಕಡೆಯ ನುಡಿಯಲ್ಲಿ ಊರ ದೇವರ ಹೆಸರೂ ಕಾಕಾನ ಮಗನ ಹೆಸರೂ ಬಂದುವು. ಮುತ್ಯಾ ಹಾಡುತ್ತಿದ್ದ ಪದಗಳನ್ನು ಆಯಿಯ ಬಾಯಿಂದಲೂ ಮೇಳದವರ ಬಾಯಿಂದಲೂ ಕೇಳಿ ಒಂದು ವಹಿಯಲ್ಲಿ ಬರೆದಿಡುತ್ತಿರುವೆನು. ಈವರೆಗೆ ನಲವತ್ತೊಂದು ಆಗಿವೆ. ಈ ಹೊಸ ಪದವನ್ನು ಆ ಲೆಕ್ಕದಲ್ಲಿ ಸೇರಿಸದೆ, ವಹಿಯ ಹಿಂಬದಿಯಿಂದ ತಿರುಗಿಸಿ, ಮೊದಲ ಹಾಳೆಯಲ್ಲಿ ಕಟ್ಟಿದವನ ಹೆಸರಿನೊಂದಿಗೆ ಬರೆದಿರುವೆನು.